ಮೇಲೊಂದು ವಾಲ್ವ್, ಕೆಳಗೊಂದು ವಾಲ್ವ್

ಹಳೇ ಮಹೀಂದ್ರ ಪಿಕಪ್ ಕಂಡರೆ ಸಾಕು, ‘ಆಗಿನ ಎಂಜಿನ್ ಅಂದರೆ ಎಂಜಿನ್ನು’ ಎಂದು ಶುರು ಮಾಡುವವರು ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟು ಜನ. ಅವರಲ್ಲಿ ಹೆಚ್ಚಿನವರು ಓಡಿಸಿದವರು, ಬಿಚ್ಚಿದವರಲ್ಲ. ಗೊಬ್ಬರ, ಕಾಫಿ ಹಣ್ಣು, ಕೆಲಸದವರು ಎಲ್ಲವನ್ನೂ ಹೊತ್ತ ನಮ್ಮ ಮನೆಯ ಗಾಡಿಯ ಅಡಿಯಲ್ಲಿ ಸ್ಪ್ಯಾನರ್ ಹಿಡಿದು ಮಲಗಿದ್ದ ನನಗೆ ಆ ಮಾತು ಅರ್ಧ ಮಾತ್ರ ನಿಜ.

ನಮ್ಮದು ಹರಿಕೇನ್ ಪೆಟ್ರೋಲ್ ಎಂಜಿನ್. ಅಮೆರಿಕದ ವಿಲ್ಲಿಸ್ ಕಂಪನಿ 1950ರಲ್ಲಿ ಹೊರತಂದದ್ದು. ನಾಲ್ಕು ಸಿಲಿಂಡರ್, ಸುಮಾರು 2200 ಸಿಸಿ. ಅದಕ್ಕೂ ಮುಂಚಿನ ಯುದ್ಧಕಾಲದ ಎಂಜಿನ್ನಿನಲ್ಲಿ ವಾಲ್ವ್‌ಗಳೆಲ್ಲ ಬ್ಲಾಕಿನೊಳಗೇ ಇದ್ದವು. ಹರಿಕೇನಿನಲ್ಲಿ ಇನ್‌ಲೆಟ್ ವಾಲ್ವನ್ನು ಮೇಲೆ ಹೆಡ್ಡಿಗೆ ಒಯ್ದರು, ಎಕ್ಸಾಸ್ಟನ್ನು ಕೆಳಗೆ ಬ್ಲಾಕಿನಲ್ಲೇ ಬಿಟ್ಟರು. ಎಂಜಿನ್ನಿಗೆ ಉಸಿರು ಸಲೀಸಾಯಿತು, ದಮ್ಮು ಹೆಚ್ಚಿತು. ಮೆಕ್ಯಾನಿಕ್ಕಿಗೆ ಕೆಲಸ ಎರಡಾಯಿತು.

ಮೇಲಿನ ವಾಲ್ವಿನ ಟ್ಯಾಪೆಟ್ ಹೊಂದಿಸುವುದು ಸುಲಭ. ಕವರ್ ತೆಗೆದು, ಎಂಜಿನ್ ತಣ್ಣಗಿರುವಾಗ ಇಂಚಿನ ಸಾವಿರದಲ್ಲಿ 18 ಭಾಗದಷ್ಟು ಸಂದು ಇಟ್ಟರೆ ಮುಗಿಯಿತು. ಕೆಳಗಿನದಕ್ಕೆ 16. ಅದಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗೆ ಕೈ ತೂರಿಸಿ, ಪಕ್ಕದ ಪ್ಲೇಟ್ ಬಿಚ್ಚಿ, ಎರಡು ಸ್ಪ್ಯಾನರ್ ಜೊತೆಗೆ ಫೀಲರ್ ಗೇಜನ್ನೂ ಹಿಡಿಯಬೇಕು. ಮೂರು ಕೈಯ ಕೆಲಸ. ಅಪ್ಪನಿಗೆ ಮೂರನೇ ಕೈ ನಾನು. ಸೋಮಾರಿ ಮೆಕ್ಯಾನಿಕ್ಕುಗಳು ಮೇಲಿನದನ್ನಷ್ಟೇ ಮಾಡಿ ದುಡ್ಡು ಎಣಿಸಿಕೊಳ್ಳುತ್ತಿದ್ದರು. ತಮಾಷೆಯೆಂದರೆ, ಟ್ಯಾಪೆಟ್ ಸಡಿಲವಾದರೆ ಟಕಟಕ ಅನ್ನುತ್ತದೆ, ಬಿಗಿಯಾದರೆ ಸುಮ್ಮನಿರುತ್ತದೆ. ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರುವುದಿಲ್ಲ, ಬಿಸಿ ಹೊಗೆ ನುಗ್ಗಿ ಅಂಚು ಸುಡುತ್ತದೆ. ಎಂಜಿನ್ ಸದ್ದೇ ಇಲ್ಲ ಎಂದು ಹೆಮ್ಮೆಪಟ್ಟವರ ವಾಲ್ವ್‌ಗಳೇ ಹೆಚ್ಚು ಸುಟ್ಟದ್ದು.

ಮಳೆಗಾಲದ ಪಾಡು ಬೇರೆ. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಪಸೆ ಕೂತು ಬೆಳಿಗ್ಗೆ ಕಿಡಿಯೇ ಬರುತ್ತಿರಲಿಲ್ಲ. ಒಣಬಟ್ಟೆಯಲ್ಲಿ ಒರೆಸಿ, ಪಾಯಿಂಟ್ ಉಜ್ಜಿ, ಹ್ಯಾಂಡಲ್ ಹೊಡೆಯಬೇಕು; ಟೈಮಿಂಗ್ ಮುಂದಾಗಿದ್ದರೆ ಅದು ತಿರುಗಿ ಒದೆಯುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯುವುದನ್ನು ಆ ಕಾಲದವರಿಗೆ ಯಾರೂ ಎರಡು ಸಲ ಹೇಳಬೇಕಿರಲಿಲ್ಲ. ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಪೆಟ್ರೋಲ್ ಕಾದು ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ. ಇದೆಲ್ಲ ಗಟ್ಟಿತನದ ಲಕ್ಷಣವಲ್ಲ. ಕೆಟ್ಟದ್ದು ಯಾವುದೆಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು, ಅಷ್ಟೆ.

ಈಗ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದು. ಹಾಕಿಸಿ, ಅದರಲ್ಲಿ ಪಾಪವೇನಿಲ್ಲ. ತೊಂದರೆ ಇರುವುದು ಪೆಟ್ರೋಲಿನಲ್ಲಿ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ. ಹಳೇ ವಾಲ್ವ್ ಸೀಟುಗಳಿಗಿದ್ದ ರಕ್ಷೆ ಅಲ್ಲಿಗೆ ಹೋಯಿತು. ಈಗ ಬಂಕಿನಲ್ಲಿ ಶೇಕಡಾ 20 ಎಥನಾಲ್ ಬೆರೆತದ್ದು ಬರುತ್ತಿದೆ. ಎಥನಾಲ್ ಹಳೇ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ, ನೀರು ಹೀರುತ್ತದೆ, ಟ್ಯಾಂಕಿನ ತುಕ್ಕು ಕದಡಿ ಫಿಲ್ಟರಿಗೆ ತರುತ್ತದೆ. ಹೊಸ ಕಾರಿನ ಕಂಪ್ಯೂಟರು ಮಿಶ್ರಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬೊರೇಟರಿನ ಜೆಟ್ಟಿಗೆ ಅದೇನು ಗೊತ್ತು? ಮಿಶ್ರಣ ತೆಳುವಾಗಿ, ಮತ್ತೆ ಎಕ್ಸಾಸ್ಟ್ ವಾಲ್ವಿಗೇ ಬಿಸಿ.

ಹಾಗಾಗಿ ಹಳೇ ಪಿಕಪ್ ಕೊಳ್ಳುವವರು ಬಣ್ಣ ನೋಡಬೇಡಿ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಥನಾಲ್ ತಡೆಯುವಂಥದ್ದನ್ನು ಹಾಕಿಸುವ ಖರ್ಚು ಮೊದಲೇ ಲೆಕ್ಕ ಹಾಕಿ. ಗೇರ್ ನ್ಯೂಟ್ರಲ್ಲಿಗೆ ತಂದು, ಇಗ್ನಿಷನ್ ಆಫ್ ಮಾಡಿ, ಹ್ಯಾಂಡಲ್ಲನ್ನು ನಿಧಾನ ತಿರುಗಿಸಿ. ಎರಡು ಸುತ್ತಿನಲ್ಲಿ ನಾಲ್ಕು ಸಲ ಒಂದೇ ಸಮನಾಗಿ ಬಿಗಿ ಸಿಗಬೇಕು. ಒಂದು ಕಡೆ ಸಡಿಲವಾಗಿ ಜಾರಿತೋ, ಹೆಡ್ ಬಿಚ್ಚುವ ಖರ್ಚು ಕಳೆದೇ ಬೆಲೆ ಮಾತಾಡಿ.