ಮೂರು ದೀಪ ಮಿನುಗಿದ ಮೇಲೂ

ಅಂಗಡಿಯ ಮುಂದೆ ಒಡೆದ ಬೂದುಗುಂಬಳಕಾಯಿ ಇನ್ನೂ ಬಿದ್ದಿದೆ. ಹೋಳುಗಳಿಗೆ ನೊಣ ಮುತ್ತಿವೆ. ಬಾಗಿಲಿನ ಮಾವಿನ ಸೊಪ್ಪು ಮುದುಡಿದೆ. ವಿಜಯದಶಮಿಯ ಮಾರನೆಯ ಬೆಳಿಗ್ಗೆ, ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿ.

"ಮೊನ್ನೆ ತಾನೆ ಪೂಜೆ ಮಾಡಿದ್ವಿ ಅಣ್ಣಾ, ಇವತ್ತೇ ಕೈ ಕೊಡ್ತು," ಎನ್ನುತ್ತಾರೆ ಅಂಗಡಿಯ ಅಕ್ಕ. ಬೆಂಚಿನ ಮೇಲೆ ಪಹಣಿ ಸುರುಳಿ ಸುತ್ತಿ ಹಿಡಿದ ಅಜ್ಜ, ಅರ್ಜಿ ಬೆರಳಚ್ಚಾಗಲಿ ಎಂದು ಕಾದಿದ್ದಾರೆ.

ಕಪ್ಪು ಪರದೆಯ ಮೇಲೆ ಬಿಳಿ ಸಾಲು: ಕೀಬೋರ್ಡ್ ಎರರ್. ಮುಂದುವರಿಯಲು ಎಫ್1 ಒತ್ತಬೇಕಂತೆ.

"ಕೀಬೋರ್ಡೇ ಇಲ್ಲ ಅನ್ನುತ್ತೆ, ಆಮೇಲೆ ಒತ್ತು ಅನ್ನುತ್ತೆ. ಏನಂತ ಒತ್ತಲಿ?"

ಆರಿಸಿ ಮತ್ತೆ ಹಚ್ಚುತ್ತೇನೆ. ಈ ಸಲ ಪರದೆ ನೋಡುವುದಿಲ್ಲ. ಕೀಬೋರ್ಡಿನ ಬಲ ಮೂಲೆ ನೋಡುತ್ತೇನೆ. ನಮ್ ಲಾಕ್, ಕ್ಯಾಪ್ಸ್ ಲಾಕ್, ಸ್ಕ್ರೋಲ್ ಲಾಕ್, ಮೂರೂ ದೀಪ ಒಟ್ಟಿಗೆ ಮಿನುಗಿ ಆರುತ್ತವೆ. ಅಂದರೆ ಕರೆಂಟು ಬರುತ್ತಿದೆ. ಜೀವ ಇದೆ, ಮಾತು ನಿಂತಿದೆ. ನಮ್ ಲಾಕ್ ಒತ್ತಿದರೆ ದೀಪ ಅಲುಗುವುದಿಲ್ಲ.

"ಗೋಡೆಯ ಸ್ವಿಚ್ಚೇ ಆರಿಸಿಬಿಡಿ ಅಕ್ಕಾ."

ಇದು ಯುಎಸ್‌ಬಿ ಅಲ್ಲ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದ ದುಂಡು ಪ್ಲಗ್ಗು. ಯಂತ್ರ ಓಡುತ್ತಿರುವಾಗ ಕಿತ್ತು ಚುಚ್ಚಿದರೆ ಮದರ್‌ಬೋರ್ಡಿನ ಫ್ಯೂಸೇ ಹೋದೀತು. ಆಮೇಲೆ ಹತ್ತು ಹೊಸ ಕೀಬೋರ್ಡ್ ತಂದರೂ ದೀಪ ಮಿನುಗದು.

ಸಿಪಿಯು ಡಬ್ಬವನ್ನು ಎಳೆದು ತಿರುಗಿಸುತ್ತೇನೆ. ಹಿಂಬದಿಯಲ್ಲಿ ಜೇಡರ ಬಲೆ, ಮೇಲೊಂದು ವಿಭೂತಿ ಪಟ್ಟೆ. ಮೊಬೈಲ್ ಟಾರ್ಚಿನಲ್ಲಿ ಎರಡು ದುಂಡು ತೂತು ಕಾಣುತ್ತವೆ: ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಅದಲುಬದಲಾಗಿದ್ದರೂ ದೀಪ ಮಿನುಗುತ್ತದೆ, ಏಕೆಂದರೆ ಎರಡಕ್ಕೂ ಬರುವುದು ಅದೇ 5 ವೋಲ್ಟ್. ಆದರೆ ಬಣ್ಣಕ್ಕೆ ಬಣ್ಣ ಸರಿಯಾಗಿಯೇ ಕೂತಿದೆ. ನೇರಳೆಯದು ಮಾತ್ರ ಕೊಂಚ ವಾರೆ.

"ಧೂಳು ಹೊಡೆಯೋಕೆ ಎಲ್ಲಾ ಬಿಚ್ಚಿದ್ರಾ?"

"ಹುಡುಗ ಬಿಚ್ಚಿದ. ಹಾಕುವಾಗ ಬಿಗಿ ಇತ್ತಂತೆ, ಒತ್ತಿದನಂತೆ."

ತಿರುಚದೆ, ನೇರಕ್ಕೆ ಎಳೆಯುತ್ತೇನೆ. ಪ್ಲಗ್ಗಿನ ಬಾಯಲ್ಲಿ ಆರು ಪಿನ್, ನಡುವೆ ಚಪ್ಪಟೆ ಪ್ಲಾಸ್ಟಿಕ್ ನಾಲಿಗೆ. ಆರರಲ್ಲಿ ಕೆಲಸ ಮಾಡುವುದು ನಾಲ್ಕೇ: ಕರೆಂಟಿಗೊಂದು, ಗ್ರೌಂಡಿಗೊಂದು, ತಾಳ ಹಾಕುವ ಕ್ಲಾಕ್, ಅಕ್ಷರ ಹೊತ್ತೊಯ್ಯುವ ಡೇಟಾ. ಆ ಡೇಟಾ ಪಿನ್ನೇ ನಾಲಿಗೆಯ ಕಡೆಗೆ ಮಲಗಿದೆ.

ಸಣ್ಣ ಚಿಮುಟದಿಂದ ಬುಡ ಹಿಡಿದು, ಉಸಿರು ಬಿಗಿಹಿಡಿದು, ಎಬ್ಬಿಸುತ್ತೇನೆ. ಒಂದೇ ಸಲಕ್ಕೆ ನೆಟ್ಟಗೆ ಮಾಡಹೋದರೆ ಮುರಿಯುತ್ತದೆ. ಕೂದಲೆಳೆಯಷ್ಟು ಎಬ್ಬಿಸುವುದು, ಪಕ್ಕದ ಪಿನ್ನಿನ ಜೊತೆ ತಾಳೆ ನೋಡುವುದು, ಇನ್ನಷ್ಟು ಎಬ್ಬಿಸುವುದು. ಅಜ್ಜ ಎದ್ದು ಬಂದು ಬಗ್ಗಿ ನೋಡುತ್ತಾರೆ. "ಮುಳ್ಳು ತೆಗೆದಂಗೆ ತೆಗೀತೀಯಲ್ಲಪ್ಪ."

ಹೇಗೂ ಆರಿಸಿದೆ. ಕೀಬೋರ್ಡನ್ನು ಬೋರಲು ಹಾಕಿ ತಟ್ಟುತ್ತೇನೆ: ಕುಂಕುಮ, ಒಣ ಚೆಂಡುಹೂವಿನ ಎಸಳು, ನಾಲ್ಕು ಕಾಳು ಕಡ್ಲೆಪುರಿ. ಗುಂಡಿನ ಮೌಸ್ ಅಡ್ಡಡ್ಡ ಓಡುವುದಿಲ್ಲ ಎಂದು ಅಕ್ಕ ಹಬ್ಬದ ಮುಂಚಿನಿಂದ ಹೇಳುತ್ತಿದ್ದರು. ಅಡಿಯ ಬಿಲ್ಲೆ ತಿರುಗಿಸಿ ಗುಂಡು ತೆಗೆಯುತ್ತೇನೆ. ಅಡ್ಡ ಓಟ ಅಳೆಯುವ ಪುಟ್ಟ ಉರುಳೆಗೆ ಕರಿ ಜಿಡ್ಡು ಉಂಗುರದ ಹಾಗೆ ಸುತ್ತಿದೆ. ಉಗುರಿನಿಂದ ಕೆರೆದರೆ ಸುರುಳಿಯಾಗಿ ಏಳುತ್ತದೆ.

ಪ್ಲಗ್ಗಿನ ಮೇಲಿನ ಬಾಣದ ಗುರುತು ನೋಡಿ ಕೂರಿಸುತ್ತೇನೆ. ಒತ್ತಬೇಕಾಗಿಯೇ ಇಲ್ಲ, ತಾನಾಗಿ ಜಾರುತ್ತದೆ. ಸ್ವಿಚ್. ಮೂರು ದೀಪ ಮಿನುಗಿ ಆರುತ್ತವೆ. ಪರದೆ ಕಪ್ಪು. ಒಂದು ಸಣ್ಣ ಬೀಪ್. ಎರರ್ ಸಾಲು ಬರುವುದಿಲ್ಲ. ವಿಂಡೋಸ್ ಎಕ್ಸ್‌ಪಿ ತನ್ನ ನಿಧಾನದಲ್ಲಿ ತೆರೆದುಕೊಳ್ಳುತ್ತದೆ. ಮೌಸ್ ಬಾಣ ಅಡ್ಡಕ್ಕೂ ಓಡುತ್ತದೆ.

ಅಕ್ಕ ಕುರ್ಚಿ ಎಳೆದುಕೊಂಡು ನುಡಿ ತಂತ್ರಾಂಶ ತೆರೆದು ಸ್ಕ್ರೋಲ್ ಲಾಕ್ ಒತ್ತುತ್ತಾರೆ. ಬೇರೆ ಯಾರಿಗೂ ಬೇಡವಾದ ಆ ಮೂರನೆಯ ದೀಪ ಹೊತ್ತಿಕೊಂಡಿತೆಂದರೆ ಈ ಅಂಗಡಿಯಲ್ಲಿ ಕನ್ನಡ ಶುರು. ಎಂ, ದೊಡ್ಡ ಎ, ಎನ್, ಒತ್ತಕ್ಷರಕ್ಕೆ ಎಫ್, ವೈ.

ಮಾನ್ಯ.

"ಹೇಳಿ ಅಜ್ಜ, ಸರ್ವೆ ನಂಬರ್ ಎಷ್ಟು?"