ಕೂಡಿ ಬಾಳುವ ಮೀನುಗಳು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಅನೇಕ ಕೆರೆಗಳಿಗೆ ವಿಶ್ವೇಶ್ವರಯ್ಯ ನಾಲೆಯು ಕಾವೇರಿಯ ನೀರನ್ನು ತಂದೀಯುತ್ತದೆ. ಕೆರೆ ತುಂಬಿದ ಮೇಲೆ ಮೀನುಗಾರರು ಮರಿಗಳನ್ನು ಬಿಡುತ್ತಾರೆ. ಕಂಡ ಮರಿಗಳನ್ನೆಲ್ಲ ಬಿಡುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಗಳನ್ನು ಮುಖ್ಯವಾಗಿ ಆರಿಸುತ್ತಾರೆ.

ಇದಕ್ಕೆ ಕಾರಣವುಂಟು. ಕಾಟ್ಲಾದ ಬಾಯಿ ಮೇಲ್ಮುಖವಾದುದು. ಅದು ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ರೋಹು ನಡುವಿನ ಪದರದಲ್ಲಿ ಸಸ್ಯಾಹಾರವನ್ನು ಅರಸುತ್ತದೆ. ಮೃಗಾಲ್ ತಳದ ಕೊಳೆತ ವಸ್ತುಗಳನ್ನು ಉಣ್ಣುತ್ತದೆ. ನೀರು ಒಂದೇ ಆದರೂ ನೆಲೆ ಬೇರೆ, ತುತ್ತು ಬೇರೆ. ಆದುದರಿಂದಲೇ ಕಲಹವಿಲ್ಲ.

ಮನೆಯ ಗಾಜಿನ ತೊಟ್ಟಿಗೂ ಇದೇ ನ್ಯಾಯ. ಅಂದವನ್ನಷ್ಟೇ ನೋಡಿ ಮೀನುಗಳನ್ನು ಕೂಡಿಸಿದರೆ ಕೇಡು ತಪ್ಪದು. ಟೈಗರ್ ಬಾರ್ಬ್ ಎಂಬ ಪಟ್ಟೆಮೀನು ಏಂಜೆಲ್ ಮೀನಿನ ನೀಳವಾದ ರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಬೆಳೆದ ಏಂಜೆಲ್ ಪುಟ್ಟ ನಿಯಾನ್ ಟೆಟ್ರಾವನ್ನು ನುಂಗಿಬಿಡುತ್ತದೆ. ಸ್ವಭಾವ, ಗಾತ್ರ, ಆಹಾರ ಇವು ಮೂರನ್ನೂ ಅರಿತೇ ಜೊತೆಗಾರರನ್ನು ಆರಿಸಬೇಕು.

ತೊಟ್ಟಿಯಲ್ಲಿ ತಪ್ಪಿದ ಆಯ್ಕೆಯನ್ನು ತಿದ್ದಬಹುದು. ನದಿಯಲ್ಲಿ ಅದು ಸಾಧ್ಯವಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಬಳಿ ಹರಿಯುವ ಕಾವೇರಿಯು ಹಿಂದೆ ಗೂನುಬೆನ್ನಿನ ಮಹಶೀರ್ ಮೀನಿಗೆ ಹೆಸರಾಗಿತ್ತು. ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಈ ಮೀನು ಜಗತ್ತಿನ ಬೇರೆಲ್ಲಿಯೂ ಇಲ್ಲ. ಮೀನಿನ ಸಂಪತ್ತು ಹೆಚ್ಚಲೆಂಬ ಸದುದ್ದೇಶದಿಂದಲೇ ಹೊರಗಿನ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಇಲ್ಲಿಗೆ ತಂದು ಬಿಟ್ಟರು. ಹೊಸದು ಹಬ್ಬಿತು, ಹಳೆಯದು ಕುಗ್ಗಿತು. 2018ರಲ್ಲಿ ಗೂನುಬೆನ್ನಿನ ಮಹಶೀರ್ ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಸಾಕಲಾಗದ ತೊಟ್ಟಿಯ ಮೀನನ್ನು ಕೆರೆಗೆ ಚೆಲ್ಲುವುದೂ ಇಂತಹುದೇ ಅಪಾಯ. ಹೊಸಬರನ್ನು ನೀರಿಗೆ ಬಿಡುವ ಮುನ್ನ ಅಲ್ಲಿ ಮೊದಲೇ ಬಾಳುತ್ತಿರುವವರನ್ನು ನೆನೆಯಬೇಕು.