ನುಡಿದದ್ದು ಮತ್ತು ಬರೆದದ್ದು

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತದ ಮನೆತನಗಳು ಅಪರೂಪ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಕೊಳವೆಬಾವಿಯ ನೀರು, ಏನಾದರೊಂದು ಕಾರಣ ಇದ್ದೇ ಇರುತ್ತದೆ. ವಕೀಲರು ಯಾರು, ನ್ಯಾಯಾಧೀಶರು ಎಂಥವರು ಎಂದು ವಿಚಾರಿಸುವ ನಾವು, ಸಾಕ್ಷಿಯ ಮಾತನ್ನು ಬರಹಕ್ಕಿಳಿಸುವವರು ಯಾರೆಂದು ಕೇಳುವುದೇ ಇಲ್ಲ.

ಉಪನೋಂದಣಾಧಿಕಾರಿಗಳ ಕಚೇರಿಯ ಮುಂದೆ ಕ್ರಯಪತ್ರ ಬರೆಯುವ ಪತ್ರಬರಹಗಾರರಿಗೆ ಸರ್ಕಾರದ ಪರವಾನಗಿ ಉಂಟು. ನ್ಯಾಯಾಲಯದ ಶೀಘ್ರಲಿಪಿಗಾರರಿಗೆ ಅಂಥ ಪ್ರತ್ಯೇಕ ಪರವಾನಗಿಯಿಲ್ಲ. ಅವರು ನೇಮಕಗೊಂಡ ನೌಕರರು. ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬೆರಳಚ್ಚು, ಶೀಘ್ರಲಿಪಿಗಳ ಸೀನಿಯರ್ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಾದರೋ ಈ ಕಸುಬಿಗೆಂದೇ 1951ರಲ್ಲಿ ಒಂದು ಮಂಡಳಿ ಏರ್ಪಟ್ಟಿತು. ನಿಮಿಷಕ್ಕೆ 200 ಪದಗಳ ವೇಗದಲ್ಲಿ, ನೂರಕ್ಕೆ 97.5ರಷ್ಟು ಶುದ್ಧವಾಗಿ ಬರೆಯಬಲ್ಲವರಿಗೆ ಮಾತ್ರ ಅಲ್ಲಿ ಪರವಾನಗಿ.

ಈ ವ್ಯತ್ಯಾಸಕ್ಕೆ ಕಾರಣವಿದೆ. ಅಲ್ಲಿ ಲೇಖಕನು ಆಡಿದ ಪ್ರತಿಯೊಂದು ಮಾತನ್ನೂ ಬರೆಯುತ್ತಾನೆ. ನಮ್ಮಲ್ಲಿ ಸಾಕ್ಷ್ಯವು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿರಬೇಕೆಂಬುದು ಪದ್ಧತಿ. ವಕೀಲರ ಪ್ರಶ್ನೆ, ಸಾಕ್ಷಿಯ ಉತ್ತರ ಇವೆರಡನ್ನೂ ಕೂಡಿಸಿ ನ್ಯಾಯಾಧೀಶರು ಒಂದು ವಾಕ್ಯವನ್ನು ಹೇಳುತ್ತಾರೆ. ಬೆರಳಚ್ಚುಗಾರರು ಅದನ್ನು ಬರೆಯುತ್ತಾರೆ. ಸಾಕ್ಷಿಯ ನುಡಿ ಹೀಗೆ ಎರಡು ಕೈ ದಾಟಿ ಕಾಗದ ಸೇರುತ್ತದೆ.

ಕೆಲವು ವರ್ಷಗಳ ಹಿಂದೆ ಬಂಧುಗಳೊಬ್ಬರ ಪಾಲಿನ ದಾವೆಯಲ್ಲಿ ಸಾಕ್ಷಿ ನುಡಿಯಲು ನಮ್ಮ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯಕ್ಕೆ ಹೋಗಿದ್ದೆ. ನನ್ನ ಸರದಿಗಿಂತ ಮುಂಚೆ ಒಂದು ಹೊಡೆದಾಟದ ಪ್ರಕರಣ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕಟಕಟೆಯಲ್ಲಿ ನಿಂತು, “ಅವ್ನೇ ಹೊಡುದ್ನಂತೆ” ಎಂದರು. ಕಾಗದದ ಮೇಲೆ ಅದು “ಆರೋಪಿಯೇ ಹೊಡೆದನು” ಎಂದಾಯಿತು. ‘ಅಂತೆ’ ಎಂಬ ಎರಡಕ್ಷರ ಉದುರಿತು. ಕೇಳಿದ ಮಾತು ಕಂಡ ಮಾತಾಯಿತು. ಆರೋಪಿಯ ಜಾಗದಲ್ಲಿ ನಿಂತಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ. ಮೌಖಿಕ ಸಾಕ್ಷ್ಯವು ಪ್ರತ್ಯಕ್ಷವಾಗಿರಬೇಕೆನ್ನುವ ಕಾನೂನಿನ ಮುಂದೆ ಆ ಎರಡಕ್ಷರದ ತೂಕವೆಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಬರೆದದ್ದನ್ನು ಓದಿ ಹೇಳಿದಾಗ ಅಜ್ಜಿ ತಲೆಯೆತ್ತಿದರು. “ನಾ ಎಲ್ಲಿ ಕಂಡೆ ಸ್ವಾಮಿ? ಅಂತೆ ಅಂದೆ, ಅಷ್ಟೆ.” ನ್ಯಾಯಾಧೀಶರು ಬೇಸರಿಸದೆ ತಿದ್ದಿಸಿದರು. ಬರೆದವರಲ್ಲಿ ದುರುದ್ದೇಶವಿತ್ತೆಂದು ನನಗೆ ತೋರಲಿಲ್ಲ. ಆಡುನುಡಿಯನ್ನು ಗ್ರಂಥದ ನುಡಿಗೆ ತರುವ ಆತುರವದು.

ಮಠದಲ್ಲಿ ತಾಳೆಯೋಲೆಗಳನ್ನು ಓದುತ್ತ ಬೆಳೆದ ನನಗೆ ಇದು ಹೊಸದಲ್ಲ. ಲಿಪಿಕಾರನ ಕೈಯಲ್ಲಿ ಒಂದು ಪ್ರತ್ಯಯ ಜಾರಿದರೆ ವಚನದ ಅರ್ಥವೇ ತಿರುಗಿದ್ದನ್ನು ಕಂಡಿದ್ದೇನೆ. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರಾಗಿದ್ದುದು ಈ ಸಂದರ್ಭದಲ್ಲಿ ನೆನಪಾಗುತ್ತದೆ. ಓಲೆಗಳಿಗಾದರೆ ಪಾಠಾಂತರವಾದರೂ ಸಿಕ್ಕೀತು. ಸಾಕ್ಷಿಯ ಹೇಳಿಕೆಗೆ ಇನ್ನೊಂದು ಪ್ರತಿ ಎಲ್ಲಿಂದ ತರೋಣ?

ಪರವಾನಗಿ ಬೇಕೆಂಬ ಹಟ ನನಗಿಲ್ಲ. ಕಾಗದದ ಮೇಲೊಂದು ಮುದ್ರೆ ಬಿದ್ದ ಮಾತ್ರಕ್ಕೆ ಕಿವಿ ಚುರುಕಾಗದು. ಆದರೆ ಈಗಿನ ಪರೀಕ್ಷೆ ಅಳೆಯುವುದು ಓದಿ ಹೇಳಿದ ಗದ್ಯವನ್ನು ಬರೆಯುವ ವೇಗವನ್ನು. ಹಿರಿಯೂರಿನ ಕಾಡುಗೊಲ್ಲರ ಹಟ್ಟಿಯ ಮಾತು, ಹೊಸದುರ್ಗ, ಹೊಳಲ್ಕೆರೆಯ ತಾಂಡಾಗಳಿಂದ ಬಂದವರ ಕನ್ನಡ ಇವನ್ನು ಕೇಳಿ ಬರೆಯುವ ಅಭ್ಯಾಸವನ್ನು ನೇಮಕವಾದ ಮೇಲಾದರೂ ಕೊಡಿಸಬೇಕೆಂಬುದು ನನ್ನ ಅಭಿಪ್ರಾಯ. ಸರ್ವೋಚ್ಚ ನ್ಯಾಯಾಲಯದಲ್ಲಿ 2023ರಲ್ಲಿ ಸಂವಿಧಾನ ಪೀಠದ ವಾದಗಳನ್ನು ಯಂತ್ರದಿಂದಲೇ ಅಕ್ಷರಕ್ಕಿಳಿಸಲು ತೊಡಗಿದರು. ಆ ಯಂತ್ರ ನಮ್ಮ ತಾಲ್ಲೂಕುಗಳಿಗೆ ಬರುವ ದಿನ ಅದಕ್ಕೂ ಈ ‘ಅಂತೆ’ಯನ್ನು ಕಲಿಸಬೇಕಾದೀತು.

ಅಲ್ಲಿಯವರೆಗೆ ಮನೆಯ ಹಿರಿಯರು ತಿಳಿದಿರಬೇಕಾದುದು ಒಂದಿದೆ. ಕ್ರಿಮಿನಲ್ ಪ್ರಕರಣದಲ್ಲಿ ಸಾಕ್ಷ್ಯ ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು, ಅಗತ್ಯವಿದ್ದರೆ ತಿದ್ದಬೇಕು ಎಂದು 1973ರ ದಂಡಪ್ರಕ್ರಿಯಾ ಸಂಹಿತೆಯ 278ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹೊತ್ತಾಯಿತು, ಬಸ್ಸು ತಪ್ಪೀತು ಎಂದು ಕೇಳದೆಯೇ ಹೆಬ್ಬೆಟ್ಟು ಒತ್ತಿ ಬರುವವರು ನಮ್ಮಲ್ಲಿ ಬಹಳ ಮಂದಿ.